ಗೂಬೆ ನಾಣ್ಯ ನೆನೆಸಿದ ನೀರು

ನಾನು ಒಂದು ಹೇಳುವುದು, ಕೇಳಿದವರು ಇನ್ನೊಂದು ತಿಳಿಯುವುದು. ಬಸವಕಲ್ಯಾಣಕ್ಕೆ ಬಂದ ಆರು ವರ್ಷಗಳಲ್ಲಿ ಇದು ನಿಂತದ್ದೇ ಇಲ್ಲ. ನಾನು ಕೊಳ್ಳೇಗಾಲದವಳು, ಮಗಳ ನೌಕರಿಯ ಹಿಂದೆ ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದೆ. ಸಾಲದ್ದಕ್ಕೆ ನನ್ನ ಹವ್ಯಾಸವೂ ದೂರದ್ದೇ. ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದಾಗ ಹಳೆಯ ಗ್ರೀಕ್ ನಾಣ್ಯಗಳ ಹುಚ್ಚು ಹಿಡಿಯಿತು. ಚಿನ್ನ ಬೆಳ್ಳಿಯವು ಟೀಚರ ಸಂಬಳಕ್ಕೆ ಎಟುಕುವುದಿಲ್ಲ, ಹಾಗಾಗಿ ಕಂಚಿನವು. ಕಾಗದಪತ್ರ ಸಮೇತ ಕೊಂಡ ಹನ್ನೊಂದು ನನ್ನಲ್ಲಿವೆ. ಇಲ್ಲಿ ಹೇಳುವುದೆಲ್ಲ ಹನ್ನೆರಡನೆಯದರ ಕಥೆ.

ಭಂಗಾರದ ಅಂಗಡಿ

ಪಕ್ಕದ ಮನೆಯಾಕೆ ನನ್ನದೇ ವಯಸ್ಸಿನವಳು, ದುಬಲಗುಂಡಿಯಲ್ಲಿ ಹುಟ್ಟಿದವಳು. ಟೀಚರಾಗಿದ್ದೆನೆಂದು ನನ್ನನ್ನು ಅಕ್ಕೋರೆ ಎನ್ನುತ್ತಾಳೆ. ನಾವು ಬಂದ ಹೊಸತರಲ್ಲೇ ಒಂದು ದಿನ ಹೇಳಿದಳು:

"ಹಳೇ ನಾಣ್ಯ ಬೇಕಂದ್ರ ಹುಮನಾಬಾದಕ್ಕ ಹೋಗ್ರಿ ಅಕ್ಕೋರೆ. ಅಲ್ಲಿ ಭಂಗಾರ ಅಂಗಡ್ಯಾಗ ಏನ ಬೇಕಾದ್ದು ಸಿಗ್ತದ."

ಬಂಗಾರದ ಅಂಗಡಿ ಎಂದ ಮೇಲೆ ರೇಷ್ಮೆ ಸೀರೆ ಉಟ್ಟು ಬಸ್ಸು ಹತ್ತಿದೆ. ಹುಮನಾಬಾದಿನಲ್ಲಿ ಒಳ್ಳೆಯದೊಂದು ಒಡವೆ ಅಂಗಡಿಗೆ ಹೋಗಿ, ತಣ್ಣನೆಯ ನೀರು ಕುಡಿದು, "ಹಳೆಯದು, ಸವೆದದ್ದು, ಕಿಲುಬು ಹಿಡಿದದ್ದು ಏನಾದರೂ ಇದೆಯೇ?" ಎಂದು ಕೇಳಿದೆ. ಮಾಲೀಕ ಕೈಮುಗಿದ.

"ಅಕ್ಕಾರ, ನಮ್ಮ ಅಂಗಡ್ಯಾಗ ಹಳೇದು, ಸವದದ್ದು ಅಂದ್ರ ಈ ಕುರ್ಚಿ ಒಂದೇ ನೋಡ್ರಿ."

ಮರಾಠಿ ಗಾಳಿ ಬೀಸುವ ಈ ಸೀಮೆಯಲ್ಲಿ ಭಂಗಾರವೆಂದರೆ ಗುಜರಿ ಎಂದು ಅವನೇ ತಿಳಿಸಿ ದಾರಿ ತೋರಿಸಿದ. ಗುಜರಿ ಅಂಗಡಿಯಲ್ಲಿ ಮುರಿದ ಬೀಗ, ಹಿತ್ತಾಳೆ ಗುಂಡಿಗಳ ಡಬ್ಬಿಯೊಳಗೆ ಅದು ಸಿಕ್ಕಿತು: ಹೆಬ್ಬೆರಳಿನ ಉಗುರಿನಷ್ಟು ಕಂಚು, ಮೈತುಂಬ ಹಸಿರು ಕಿಲುಬು. ಒಂದು ಬದಿಗೆ ಶಿರಸ್ತ್ರಾಣ ತೊಟ್ಟ ದೇವಿ, ಇನ್ನೊಂದು ಬದಿಗೆ ಗೂಬೆ. ಅಥೆನ್ಸಿನ ನಾಣ್ಯದ ಹಾಗೆಯೇ ಇತ್ತು. ಚೌಕಾಶಿ ಮಾಡದೆ ಕೊಂಡೆ. ಗುಜರಿಯವನು ರೇಷ್ಮೆ ಸೀರೆ ನೋಡಿ ಹೇಳಿದ, "ಭಂಗಾರ ಒಯ್ಯಾಕ ಇಷ್ಟ ತಯಾರಾಗಿ ಬಂದವರು ನೀವೇ ಮೊದಲ್ರಿ."

ಹೆಲ್ಮೆಟ್ಟಿನ ದೇವಿ

ಮನೆಗೆ ಬಂದ ಕೂಡಲೇ ಪಕ್ಕದ ಮನೆಯಾಕೆಗೆ ತೋರಿಸಿದೆ. ಗೂಬೆಯನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. ಗೂಬೆಯ ಬೆನ್ನಿಗೆ ದೇವಿ ಇದ್ದಾಳೆಂದು ತಿರುಗಿಸಿ ತೋರಿಸಿದ ಮೇಲೆ ಹತ್ತಿರ ಬಂದಳು.

"ತಲೀಮ್ಯಾಲ ಏನ್ರಿ ಅದು?"

"ಯುದ್ಧಕ್ಕೆ ಹಾಕುವ ಲೋಹದ ಟೋಪಿ. ಹೆಲ್ಮೆಟ್ ಇದ್ದ ಹಾಗೆ."

ಬಹಳ ಹೊತ್ತು ನೋಡಿದಳು. "ದೇವರಿಗೇ ತಿಳದದ. ಬೈಕ್ ಹೊಡಿಯೋ ನನ್ನ ಮಗನಿಗೆ ತಿಳೀವಲ್ದು."

ಗಿರಾಕಿ

ಮರುದಿನ ಮತ್ತೆ ಬಂದು ಕೇಳಿದಳು, "ಅಕ್ಕೋರೆ, ಅದು ಯಾರದ್ರಿ?"

"ಗ್ರೀಕರದು."

"ಗಿರಾಕಿದು? ಅಂಗಡ್ಯಾಗ ಬಿಟ್ಟು ಹ್ವಾದನೇನು? ಪಾಪ, ಹುಡುಕಾಕತ್ತಿರಬೇಕು. ಕೊಟ್ಟ ಬಿಡ್ರಿ."

"ಅವನು ಸತ್ತು ಎರಡು ಸಾವಿರ ವರ್ಷ ದಾಟಿತಮ್ಮ."

"ಹಂಗಾದ್ರ ಇಟ್ಕೋರಿ."

ಇದು ಹೀಗಾದರೆ ಆಗದೆಂದು ಯೋಚಿಸಿದೆ. ಇಲ್ಲಿಯ ಮಾತಿನಲ್ಲಿ ಉರ್ದು ಬೆರೆತಿದೆ. ಉರ್ದುವಿನಲ್ಲಿ ಗ್ರೀಸ್ ದೇಶಕ್ಕೆ ಯುನಾನ್ ಎನ್ನುತ್ತಾರೆ. "ಇದು ಯುನಾನಿ ನಾಣ್ಯ" ಎಂದೆ.

ಅವಳ ಮುಖ ಅರಳಿತು. "ಹಂಗ ಹೇಳ್ರಲ್ಲ ಮತ್ತ! ಯುನಾನಿ ನಮಗ ಗೊತ್ತಿಲ್ಲೇನ್ರಿ?"

ಪಾಠ ಮುಟ್ಟಿತೆಂದು ಸಮಾಧಾನವಾಯಿತು. 'ಗೊತ್ತು' ಎಂದ ಮಕ್ಕಳಿಗೇ ಇನ್ನೊಂದು ಪ್ರಶ್ನೆ ಹಾಕಬೇಕೆಂದು ಮೂವತ್ತು ವರ್ಷ ಕಲಿಸಿದವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹುಣಸೆಹುಳಿ

ಉಳಿದದ್ದು ಒಂದೇ ಪ್ರಶ್ನೆ: ನಾಣ್ಯ ಅಸಲಿಯೋ, ನಕಲಿಯೋ? ಪುಣೆಯಲ್ಲಿ ನೆಲೆಸಿದ ಧಾರವಾಡ ಕಡೆಯ ನಿವೃತ್ತ ಪ್ರಾಧ್ಯಾಪಕರೊಬ್ಬರು ಇಂಥ ನಾಣ್ಯಗಳನ್ನು ಬಲ್ಲವರು. ಎಷ್ಟೋ ಪತ್ರ ಬರೆದ ಮೇಲೆ ನೋಡಲು ಬರುತ್ತೇನೆಂದರು. ಅಸಲಿಯಾದರೆ ತಮ್ಮ ಪುಸ್ತಕದಲ್ಲಿ ಚಿತ್ರ ಹಾಕಿ, ಕೆಳಗೆ ಹುಮನಾಬಾದ್ ಎಂದೂ ನನ್ನ ಹೆಸರನ್ನೂ ಅಚ್ಚು ಹಾಕಿಸುತ್ತಾರಂತೆ. ಈ ವಯಸ್ಸಿನಲ್ಲಿ ನನಗೆ ಬೇರೆ ಆಸೆ ಇರಲಿಲ್ಲ. "ಕಿಲುಬನ್ನು ಮಾತ್ರ ಮುಟ್ಟಬೇಡಿ, ವಯಸ್ಸಿಗೆ ಅದೇ ಸಾಕ್ಷಿ" ಎಂದು ಎರಡು ಸಲ ಬರೆದಿದ್ದರು.

ಅವರು ಬರುವ ಮುನ್ನ ಹುಲಸೂರಿನಲ್ಲೊಂದು ಮದುವೆ. ಮಗಳ ಜೊತೆ ಮೂರು ದಿನ ಹೋಗಿದ್ದೆ. ಮನೆಯ ಕೀಲಿ ಪಕ್ಕದ ಮನೆಯಾಕೆಯ ಹತ್ತಿರ. ಹಿಂತಿರುಗಿದಾಗ ಅವಳು ಮೆಟ್ಟಿಲನ್ನು ಸರಸರ ಹತ್ತಿ ಬಂದಳು. ಕೈಯಲ್ಲಿ ನೀರಿನ ತಂಬಿಗೆ. ತಳದಲ್ಲಿ ನನ್ನ ಗೂಬೆ, ದೀಪಾವಳಿಗೆ ತಿಕ್ಕಿದ ದೀಪದ ಕಂಬದಂತೆ ಫಳಫಳ.

"ಹೊಲಸ ಭಾಳ ಇತ್ರಿ. ಹುಣಸೆಹುಳಿ ಹಚ್ಚಿ ತಿಕ್ಕೀನಿ."

"ನೀರಿಗೆ ಯಾಕೆ ಹಾಕಿದೆ?"

"ನೀವೇ ಹೇಳಿದ್ರಲ್ಲ, ಯುನಾನಿ ಅಂತ! ಹಕೀಮನ ಯುನಾನಿ ದವಾ ವರ್ಷ ತಿಂದ್ರೂ ನನ್ನ ಮೊಣಕಾಲ ಬಗ್ಗಿರಲಿಲ್ಲ. ಇದರ ನೀರು ಕುಡದು ಮೂರೇ ದಿನ ನೋಡ್ರಿ." ಅಲ್ಲಿಯೇ ಕುಕ್ಕರಗಾಲಲ್ಲಿ ಕೂತು, ಎದ್ದು ತೋರಿಸಿದಳು.

ಬೈಯಬೇಕೆಂದು ಬಾಯಿ ತೆರೆದವಳು, "ಇನ್ನೊಂದು ಮೊಣಕಾಲು?" ಎಂದು ಕೇಳಿದೆ.

ತೀರ್ಪು

ಪ್ರಾಧ್ಯಾಪಕರು ಬಂದರು. ನಮ್ಮದು ಮೇಲಿನ ಮನೆ. ಹದಿನಾರು ಮೆಟ್ಟಿಲಿಗೆ ಮೂರು ಕಡೆ ಕೂತು ಸುಧಾರಿಸಿಕೊಂಡರು. ಪಕ್ಕದ ಮನೆಯಾಕೆ ಅವರನ್ನು ದಾಟಿಕೊಂಡು ಬಂದು ಬಾಗಿಲಲ್ಲಿ ನಿಂತಳು.

ನಾಣ್ಯ ನೋಡಿ ಅವರ ಮುಖ ಇಳಿಯಿತು. ಭೂತಗನ್ನಡಿ ಇಟ್ಟು ಅರ್ಧ ಗಂಟೆ ತಿರುಗಿಸಿದರು.

"ಕಿಲುಬು ಇದ್ದಿದ್ದರೆ ಏನಾದರೂ ಹೇಳಬಹುದಿತ್ತು. ಹೀಗೆ ತಿಕ್ಕಿದ ಮೇಲೆ ಅಸಲಿ ಎಂದು ಯಾರೂ ಹೇಳಲಾರರು. ನಕಲಿ ಎಂದೇ ತಿಳಿಯಬೇಕಾಗುತ್ತದೆ. ಪುಸ್ತಕಕ್ಕೆ ಹಾಕಲು ಬರುವುದಿಲ್ಲ, ಕ್ಷಮಿಸಿ."

ನಾನು ಚಹಾ ಮಾಡಲು ಎದ್ದೆ. ಆದರೆ ಬಾಗಿಲಲ್ಲಿದ್ದವಳು ಸುಮ್ಮನಿರಲಿಲ್ಲ.

"ನಕಲಿ ಅಂತೀರಿ? ನಕಲಿ ಇದ್ರ ನನ್ನ ಮೊಣಕಾಲ ಹ್ಯಾಂಗ ಆರಾಮಾತ್ರಿ ಸರ? ಮೆಟ್ಟಲ ಏರೂಮುಂದ ನೀವ ಎಷ್ಟ ಸಲ ಕುಂತ್ರಿ? ನಾ ಎಷ್ಟ ಸಲ ಕುಂತೆ?"

ಪ್ರಾಧ್ಯಾಪಕರು ಚಹಾ ಕುಡಿದು, ನನಗೆ ನಮಸ್ಕಾರ ಹೇಳಿ, ಗೋಡೆ ಹಿಡಿದು ಇಳಿಯತೊಡಗಿದರು. ಆರನೆಯ ಮೆಟ್ಟಿಲಲ್ಲಿ ಕೂತರು. ತಿರುಗಿ ನೋಡದೆ ಬಾಗಿಲಲ್ಲಿದ್ದವಳನ್ನು ಕೇಳಿದರು:

"ಅಕ್ಕಾರ, ನಮ್ಮ ಮನೆಯಲ್ಲಿ ಇಂಥವು ಇಪ್ಪತ್ತಿವೆ, ಎಲ್ಲ ಅಸಲಿ. ಒಂದನ್ನು ಎಷ್ಟು ಹೊತ್ತು ನೆನೆಸಬೇಕು?"

ಪಕ್ಕದ ಮನೆಯಾಕೆ ಸೆರಗು ಸರಿಪಡಿಸಿಕೊಂಡಳು.

"ನಿಮ್ಮ ಅಸಲೀವು ನನಗ ಗೊತ್ತಿಲ್ರಿ. ನಮ್ಮ ನಕಲೀದು ಒಂದು ರಾತ್ರಿ ನೆನದ್ರ ಸಾಕಾಗ್ತದ."