ಯಜಮಾನರು, ಮೋಟಾರು ಮತ್ತು ನನ್ನ ಸಿಟ್ಟು

ನಮ್ಮ ಮನೆಯಲ್ಲಿ ಕರೆಂಟಿನಿಂದ ತಿರುಗುವ ಯಾವ ಸಾಮಾನೂ ಬಹಳ ದಿನ ನೆಟ್ಟಗೆ ತಿರುಗಿದ್ದಿಲ್ಲ. ಕಂಪನಿಯವರು ಸರಿಯಾಗಿಯೇ ಮಾಡಿ ಕಳಿಸಿರುತ್ತಿದ್ದರು. ಅಂಗಡಿಯವನು ಸರಿಯಾಗಿಯೇ ಓಡಿಸಿ ತೋರಿಸಿರುತ್ತಿದ್ದ. ಆಮೇಲೆ ಅದು ಯಾದವಗಿರಿಯ ನಮ್ಮ ಮನೆ ಹೊಸ್ತಿಲು ದಾಟುತ್ತಿತ್ತು. ಒಳಗೆ ನಮ್ಮ ಯಜಮಾನರು ಸ್ಕ್ರೂಡ್ರೈವರ್ ಹಿಡಿದು ಕಾಯುತ್ತಿದ್ದರು.

ಅವರು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಮೋಟಾರಿನ ಪಾಠವನ್ನು ಅವರಷ್ಟು ಚೆನ್ನಾಗಿ ಯಾರೂ ಮಾಡೋಲ್ಲ ಅಂತ ಹುಡುಗರು ಹೇಳುತ್ತಿದ್ದರಂತೆ. ಇರಬಹುದು. ಹುಡುಗರು ಪಾಠ ಕೇಳಿಕೊಂಡು ಮನೆಗೆ ಹೋಗುತ್ತಿದ್ದರು, ಸಂಸಾರ ಮಾಡಬೇಕಾದವಳು ನಾನು. ಇದನ್ನೆಲ್ಲ ಹೇಳಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಈಗಲೂ ಮೈ ಉರಿಯುತ್ತದೆ.

ಗಾಳಿ ಎಲ್ಲಿಗೆ ಹೋಯಿತು?

ನಡುಮನೆಯ ಸೀಲಿಂಗ್ ಫ್ಯಾನು ಕಿರ್ರ್ ಅನ್ನುತ್ತಿತ್ತು. ಒಂದು ತೊಟ್ಟು ಎಣ್ಣೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಇವರು ಅದನ್ನು ಇಳಿಸಿದರು, ಬಿಚ್ಚಿದರು, ಒಳಗಿನ ತಂತಿಗಳನ್ನೆಲ್ಲ ಬಿಡಿಸಿ ಒರೆಸಿ ಮತ್ತೆ ಜೋಡಿಸಿ ತೂಗುಹಾಕಿದರು. ಸ್ವಿಚ್ ಹಾಕಿದರೆ ಕಿರ್ರ್ ಇಲ್ಲ, ಗಿರ್ರನೆ ತಿರುಗಿತು. ಇವರ ಮುಖ ನೋಡಬೇಕಿತ್ತು.

ಸುಡುಬೇಸಿಗೆ. ಮಾವನವರು ಊಟ ಮುಗಿಸಿ ಅದರ ಕೆಳಗೆ ಚಾಪೆ ಹಾಸಿ ಮಲಗಿದರು. ಸ್ವಲ್ಪ ಹೊತ್ತಿಗೆ ಬನಿಯನ್ನು ಬೆವರಿನಲ್ಲಿ ತೊಯ್ದುಹೋಯಿತು.

"ಯಾಕೋ ಗಾಳೀನೇ ಬರ್ತಿಲ್ವಲ್ಲೋ," ಅಂದರು.

"ತಿರುಗ್ತಾ ಇದೆಯಲ್ಲಪ್ಪಾ. ತಿರುಗಿದ ಮೇಲೆ ಗಾಳಿ ಬರದೆ ಏನ್ಮಾಡುತ್ತೆ?"

ನಾನು ತಲೆ ಎತ್ತಿ ನೋಡಿದೆ. ಸೂರಿನ ಜೇಡರಬಲೆಗಳೆಲ್ಲ ಪಟಪಟ ಹಾರಾಡುತ್ತಿದ್ದವು. "ರೀ, ಗಾಳಿ ಎಲ್ಲಾ ಮೇಲೆ ಹೋಗ್ತಿದೆ, ನೋಡಿ ಅಲ್ಲಿ!"

ನಾಚಿಕೆಪಡಬೇಕೋ ಬೇಡವೋ? ಇವರು ಚಪ್ಪಾಳೆ ತಟ್ಟಿದರು. "ಉಲ್ಟಾ ತಿರುಗ್ತಿದೆ ಕಣೇ! ಒಳಗೆ ಎರಡು ತಂತಿಸುತ್ತು ಇರುತ್ತೆ. ಒಂದರ ತುದಿ ಅದಲುಬದಲಾದ್ರೆ ದಿಕ್ಕೇ ಬದಲು. ರೆಕ್ಕೆ ಗಾಳೀನ ಮೇಲಕ್ಕೆ ನೂಕುತ್ತೆ. ಎಷ್ಟು ಸ್ವಾರಸ್ಯ ನೋಡು!"

"ಸ್ವಾರಸ್ಯ ಹಾಳಾಗಲಿ. ಇಳಿಸಿ ಸರಿಮಾಡಿ."

"ಭಾನುವಾರ ಮಾಡ್ತೀನಿ."

ನಾನು ಹಲ್ಲು ಕಡಿದುಕೊಂಡು ಮಾವನವರ ಕೈಗೆ ಬೀಸಣಿಗೆ ಕೊಟ್ಟೆ. ತಿರುಗುವ ಫ್ಯಾನಿನ ಕೆಳಗೆ ಮಲಗಿ ಬೀಸಿಕೊಳ್ಳುತ್ತಾ ಅವರು ಅಂದರು: "ಹೋಗ್ಲಿ ಬುಡಮ್ಮ, ಅವನನ್ನ ಬೈಬೇಡ. ಮೇಲಿರೋ ಹಲ್ಲಿಗಾದ್ರೂ ತಂಪಾಗ್ಲಿ."

ಯಾರ ಬಲ?

ಹಿತ್ತಲ ಬಾವಿಗೆ ಪಂಪು ಹಾಕಿಸಿದ್ದೆವು. ಒಂದು ದಿನ ಸ್ವಿಚ್ ಹಾಕಿದರೆ ಮೋಟಾರು ಗುಂಯ್ ಅನ್ನುತ್ತದೆ, ಅಲ್ಲಾಡುವುದಿಲ್ಲ.

"ಮೊದಲ ನೂಕು ಕೊಡೋ ಕಂಡೆನ್ಸರ್ ಹೋಗಿದೆ," ಅಂದರು. "ಅದಿಲ್ಲದೆ ಇದಕ್ಕೆ ಯಾವ ಕಡೆ ತಿರುಗಬೇಕು ಅಂತಾನೇ ಗೊತ್ತಾಗಲ್ಲ. ನಾವು ಯಾವ ಕಡೆ ತಿರುಗಿಸಿಕೊಟ್ರೆ ಆ ಕಡೆಗೇ ಓಡ್ಕೊಂಡು ಹೋಗುತ್ತೆ."

"ಸರಿ, ಹೊಸದು ತನ್ನಿ."

"ಹೊಸದು ಯಾಕೆ? ನೀನಿದ್ದೀಯಲ್ಲ."

ಹೀಗೆ ನಾನು ನಮ್ಮ ಮನೆಯ ಕಂಡೆನ್ಸರ್ ಆದೆ. ಮೋಟಾರಿನ ತಿರುಗೋ ಕಂಬಿಗೆ ಬುಗುರಿಗೆ ಸುತ್ತಿದ ಹಾಗೆ ಹುರಿ ಸುತ್ತಿ ನಾನು ಎಳೆಯಬೇಕು, ಎದುರುಗಡೆ ನಿಂತ ಇವರು ಅದೇ ಗಳಿಗೆಗೆ ಸ್ವಿಚ್ ಹಾಕಬೇಕು. ಸೀರೆ ಸೊಂಟಕ್ಕೆ ಸಿಕ್ಕಿಸಿ ಎಳೆದೆ. ಓಡಿತು. ನೀರು ಮಾತ್ರ ಬರಲಿಲ್ಲ.

"ಉಲ್ಟಾ ಎಳೆದೆ ಕಣೇ! ಬಲಕ್ಕೆ ತಿರುಗಬೇಕು, ಬಲಕ್ಕೆ!"

"ಬಲಕ್ಕೇ ಎಳೆದಿದ್ದು!"

"ಅದು ನಿನ್ನ ಬಲ. ನಾನು ಹೇಳಿದ್ದು ನನ್ನ ಬಲ."

"ಎಳೆಯೋಳು ನಾನು, ಬಲ ನಿಮ್ಮದಾ? ಹುರಿ ನನ್ನ ಕೈಯಲ್ಲಿದೆ ಕಣ್ರೀ, ನನ್ನ ಬಲ ಹೇಳಿ!"

"ಮೋಟಾರಿಗೆ ನಿನ್ನ ಬಲ, ನನ್ನ ಬಲ ಅಂತಿಲ್ಲ. ಯಾವ ಕಡೆಯಿಂದ ನೋಡ್ತೀವಿ ಅನ್ನೋದರ ಮೇಲೆ..."

ಪಾಠ ಶುರುವಾಯಿತು. ನನ್ನ ಅಂಗೈ ಹುರಿ ಉಜ್ಜಿ ಕೆಂಪಾಗಿತ್ತು, ಒಲೆಯ ಮೇಲೆ ಬೇಳೆ ಸೀಯುತ್ತಿತ್ತು. ಹುರಿಯನ್ನು ಅವರ ಕಾಲ ಬಳಿ ಬಿಸಾಡಿ ನಾನೂ ಕೂಗಾಡಿದೆ. ಆಗ ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ರಿಟೈರ್ಡ್ ಅಮಲ್ದಾರರ ತಲೆ ಮೇಲೆದ್ದಿತು.

"ಅಮ್ಮಾ, ಬಿಂದಿಗೆ ತಗೊಂಡು ನಮ್ಮ ಬಾವಿಗೆ ಬನ್ನಿ. ಬಲ ಯಾವುದು ಅಂತ ನಿಮ್ಮಿಬ್ಬರಲ್ಲಿ ತೀರ್ಮಾನ ಆಗೋ ಹೊತ್ತಿಗೆ ಮಳೆಗಾಲ ಬಂದ್ಬುಡುತ್ತೆ."

ಪ್ರಿನ್ಸಿಪಾಲರ ಮನೆಯವರ ರವಿಕೆ

ನನ್ನ ಹೊಲಿಗೆ ಮಿಷನ್ನು ಕಾಲಲ್ಲಿ ತುಳಿಯುವಂಥದ್ದು. ಅದರ ತಂಟೆಗೆ ಬರಬೇಡಿ ಅಂತ ಕೈಮುಗಿದು ಹೇಳಿದ್ದೆ. ತವರಿಗೆ ಹೋಗಿ ಬರುವುದರೊಳಗೆ ಅದಕ್ಕೊಂದು ಮೋಟಾರು ಅಂಟಿಕೊಂಡಿತ್ತು. "ನಿನ್ನ ಕಾಲು ನೋಯಬಾರದು ಅಂತ," ಅಂದರು. ಅಷ್ಟು ಪ್ರೀತಿಯಿಂದ ಹೇಳಿದರೆ ಬೈಯುವುದಾದರೂ ಹೇಗೆ? ಅದೇ ಇನ್ನಷ್ಟು ಸಿಟ್ಟು.

ಚಕ್ರ ನನ್ನ ಕಡೆಗೆ ತಿರುಗುವ ಬದಲು ಆ ಕಡೆಗೆ ತಿರುಗಿತು. ದಾರವೆಲ್ಲ ಗಂಟು. ಇವರು ಪ್ಲಗ್ಗನ್ನು ಕಿತ್ತು ತಿರುವಿ ಹಾಕಿದರು. ಮತ್ತೆ ಆ ಕಡೆಗೇ. ಇನ್ನೊಮ್ಮೆ ತಿರುವಿದರು. ಆಮೇಲೆ ಹಣೆ ಚಚ್ಚಿಕೊಂಡರು.

"ಹೌದಲ್ವೇ! ಪ್ಲಗ್ ತಿರುವಿದ್ರೆ ಒಳಗೆ ಎರಡೂ ತಂತಿಸುತ್ತು ಒಟ್ಟಿಗೆ ಬದಲಾಗುತ್ತೆ, ದಿಕ್ಕು ಹಾಗೇ ಉಳಿಯುತ್ತೆ. ಹೋದ ವಾರ ಇದನ್ನೇ ಪಾಠ ಮಾಡ್ದೆ!"

"ಯಾರಿಗೆ?" ಅಂದೆ.

ಕೊನೆಗೆ ಬೆಲ್ಟನ್ನು ಎಂಟರ ಆಕಾರದಲ್ಲಿ ಅಡ್ಡ ಹಾಕಿದರು. ಚಕ್ರ ಸರಿಯಾದ ಕಡೆ ತಿರುಗಿತು. ಆದರೆ ನಿಧಾನ ಅನ್ನುವುದೇ ಇಲ್ಲ. ಸ್ವಿಚ್ ಒತ್ತಿದರೆ ಡರ್ರ್! ಇವರ ಪ್ರಿನ್ಸಿಪಾಲರ ಮನೆಯವರು ಹೊಲಿಯಲು ಕೊಟ್ಟಿದ್ದ ರೇಷ್ಮೆ ರವಿಕೆ ಸೂಜಿಯ ಕೆಳಗಿತ್ತು. ನಾನು ಕೈ ತೆಗೆಯುವುದರೊಳಗೆ ಒಂದು ತೋಳಿನ ಬಾಯಿ ಪೂರ್ತಿ ಹೊಲಿದುಕೊಂಡಿತ್ತು. ಬಿಚ್ಚೋಣ ಅಂತ ಕತ್ತರಿ ಹುಡುಕುತ್ತಿದ್ದೇನೆ, ಆಕೆಯೇ ಬಂದುಬಿಟ್ಟರು. ರವಿಕೆ ಎತ್ತಿ ಹಿಡಿದು ಹಿಂದೆ ಮುಂದೆ ನೋಡಿದರು.

"ಇದರಲ್ಲಿ ಕೈ ಎಲ್ಲಿಂದ ಹೊರಗೆ ಬರ್ಬೇಕಮ್ಮಾ?"

ನಾನು ಭೂಮಿಗೆ ಇಳಿದುಹೋಗಿದ್ದೆ. ಒಳಗಿನಿಂದ ಇವರು ನಗುನಗುತ್ತಾ ಬಂದು ಹೇಳಿದರು: "ಮೋಟಾರು ಮಾತ್ರ ಈಗ ಸರಿಯಾದ ದಿಕ್ಕಿಗೇ ತಿರುಗ್ತಿದೆ, ಅಮ್ಮಾ."

ಚಟ್ನಿ

ನನ್ನ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವ ದಿನ. ಅವಳಿಗೊಂದು ಮದುವೆಯಾಗಲಿ ಅನ್ನುವುದೊಂದೇ ಮಾವನವರ ಕೊರಗು. ಹಿಂದೆ ಬಂದ ಸಂಬಂಧಗಳು ಏನೇನೋ ನೆಪಕ್ಕೆ ತಪ್ಪಿಹೋಗಿದ್ದವು. ಬೆಳಗಿನಿಂದ ನಾನು ಒಂಟಿಕಾಲಲ್ಲಿ ನಿಂತಿದ್ದೆ.

ಬೊಂಬಾಯಿಯಲ್ಲಿದ್ದ ನಮ್ಮಣ್ಣ ಒಂದು ಮಿಕ್ಸಿ ತಂದುಕೊಟ್ಟಿದ್ದ. ಅದು ಒಂದಿಷ್ಟು ಕಿಡಿ ಕಾರುತ್ತಿದೆ ಅಂತ ಇವರು ಅವತ್ತೇ ಬೆಳಿಗ್ಗೆ ಬಿಚ್ಚಿ, ಮೋಟಾರಿಗೆ ಕರೆಂಟು ಮುಟ್ಟಿಸುವ ಒಳಗಿನ ಕಾರ್ಬನ್ ತುಂಡುಗಳನ್ನು ಬದಲಾಯಿಸಿದ್ದರು.

"ನಾನು ಒರಳಲ್ಲೇ ರುಬ್ಕೋತೀನಿ," ಅಂದೆ.

"ಬೊಂಬಾಯಿ ಮಿಕ್ಸಿ ಇದೆ ಅಂತ ಅವರಿಗೂ ಗೊತ್ತಾಗ್ಲಿ ಕಣೇ."

ಬಂದವರು ನಡುಮನೆಯಲ್ಲಿ ಅಡುಗೆಮನೆ ಬಾಗಿಲಿಗೆ ಎದುರಾಗಿ ಕೂತಿದ್ದರು: ಹುಡುಗ, ಅವನ ಅಪ್ಪ, ಅಮ್ಮ. ಇವರು ಎಲ್ಲರಿಗೂ ಕಾಣುವ ಹಾಗೆ ಸ್ವಿಚ್ ಒತ್ತಿದರು. ಜಾರಿನ ಒಳಗೆ ಬ್ಲೇಡನ್ನು ಹಿಡಿದಿಡುವ ತಿರುಪು ಇದೆಯಲ್ಲ, ಮೋಟಾರು ತಿರುಗಿದ ಹಾಗೆಲ್ಲ ಅದು ಬಿಗಿಯಾಗಬೇಕು. ಅವತ್ತು ಮೋಟಾರು ಉಲ್ಟಾ ತಿರುಗಿ ತಿರುಪು ಬಿಚ್ಚಿಕೊಂಡಿತು. ಬ್ಲೇಡು ಠಣ್ ಅಂತ ಮುಚ್ಚಳಕ್ಕೆ ಬಡಿಯಿತು, ಮುಚ್ಚಳ ಹಾರಿತು, ಹಿಂದೆಯೇ ಚಟ್ನಿ. ಗೋಡೆಗೆ, ಕ್ಯಾಲೆಂಡರಿಗೆ, ಬಾಗಿಲಾಚೆ ಹುಡುಗನ ಅಪ್ಪನ ಕೋಟಿಗೆ, ಕನ್ನಡಕಕ್ಕೆ.

ಎಲ್ಲರೂ ಆ ಕೋಟನ್ನೇ ನೋಡಿದರು. ಇವರೊಬ್ಬರು ಮಿಕ್ಸಿಯ ಮೇಲೆ ಬಗ್ಗಿ ಪರಮಾನಂದದಿಂದ ಅಂದರು, "ಉಲ್ಟಾ!"

ನಾನು ಎಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು. "ರೀ, ನಿಮಗೆ ಮನುಷ್ಯರು ಕಣ್ಣಿಗೆ ಬೀಳ್ತಾರೇನ್ರೀ? ಹುಡುಗಿ ಮದುವೆ ಮಾತಿಗೆ ಜನ ಬಂದು ಕೂತಿದಾರೆ, ನಿಮಗೆ ಮೋಟಾರಿನ ದಿಕ್ಕು! ಒಂದು ಹಿಡಿ ಚಟ್ನಿ ರುಬ್ಬೋಕೆ ಬಿಡಲಿಲ್ವಲ್ರೀ! ಇನ್ನೊಂದು ಸಲ ಈ ಮನೇಲಿ ಏನಾದ್ರೂ ಬಿಚ್ಚಿದ್ರೋ, ಮೊದಲು ನಿಮ್ಮನ್ನ ಬಿಚ್ತೀನಿ!"

ತಿರುಗಿ ನೋಡಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಮಾವನವರು ಕಣ್ಣು ಮುಚ್ಚಿಕೊಂಡಿದ್ದರು. ನಾದಿನಿ ಕಾಫಿ ತಟ್ಟೆ ಹಿಡಿದು ಕಲ್ಲಾಗಿದ್ದಳು. ನನ್ನ ನಾಲಿಗೆಯಿಂದಲೇ ಅವಳ ಬಾಳು ಕೆಟ್ಟಿತು ಅಂತ ಕಣ್ಣಲ್ಲಿ ನೀರು ಬಂತು.

ಹುಡುಗನ ಅಪ್ಪ ಎದ್ದರು. ಹೊರಟೇಬಿಟ್ಟರು ಅಂದುಕೊಂಡೆ. ಅವರು ಕನ್ನಡಕ ಒರೆಸಿಕೊಂಡು ಸೀದಾ ಅಡುಗೆಮನೆಗೇ ಬಂದರು.

"ಕಾರ್ಬನ್ನಿನ ತಂತಿ ಅದಲುಬದಲಾಗಿದೆ ಮೇಷ್ಟ್ರೇ. ಸ್ಕ್ರೂಡ್ರೈವರ್ ಎಲ್ಲಿ?"

ಇಬ್ಬರೂ ಚಟ್ನಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ಹುಡುಗನೂ ಮೆಲ್ಲಗೆ ಎದ್ದು ಬಂದು, "ಹಾಗಲ್ಲಪ್ಪ, ಕೊಡಿ ಇಲ್ಲಿ," ಅಂತ ಅವರ ಮಧ್ಯೆ ತಲೆ ತೂರಿಸಿದ.

ಹುಡುಗನ ತಾಯಿ ಆ ಮೂರು ತಲೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ನಾದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಹಾಡು, ಅಡುಗೆ ಎಲ್ಲ ಹಾಗಿರ್ಲಿ ಮಗು. ನಿಜ ಹೇಳು, ಬೈಯೋಕೆ ಬರುತ್ತಾ ನಿಂಗೆ?"

ನಾದಿನಿ ತಲೆ ತಗ್ಗಿಸಿಕೊಂಡೇ ಅಂದಳು: "ಅತ್ತಿಗೆ ಹತ್ರ ಕಲೀತಾ ಇದೀನಿ."

"ಹಾಗಾದ್ರೆ ತಾಂಬೂಲ ತನ್ನಿ," ಅಂದರು ಆಕೆ.