ನಿಧಾನಕ್ಕೆ ಹೋಗೋ ವಿಮಾನ

ಸುಲ್ತಾನ್ ಬಜಾರಿನಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಾನು ವಿಮಾನದ ಟಿಕೆಟ್ ಮಾಡಿಕೊಡುತ್ತೇನೆ. ಈ ತೆಲುಗು ಊರಿನಲ್ಲಿ ನನಗೆ ಕನ್ನಡ ಬರುತ್ತದೆ ಅಂತ ಹೇಗೋ ಸುದ್ದಿ ಹಬ್ಬಿ, ಬೀದರ್, ಕಲಬುರಗಿ ಕಡೆಯವರೆಲ್ಲ ನನ್ನ ಮೇಜಿಗೇ ಬರುತ್ತಾರೆ. ಎಷ್ಟು ದೂರ, ಎಷ್ಟು ತಾಸು ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಅಲ್ಲಿಗೆ ಮುಗಿಯಬೇಕು, ಮುಗಿಯುವುದಿಲ್ಲ.

ದುಬೈ ಹಾದಿ

ಗಾರೆ ಮೇಸ್ತ್ರಿಯೊಬ್ಬ ಮೊದಲ ಸಲ ದುಬೈಗೆ ಹೊರಟಿದ್ದ. ಟಿಕೆಟ್ಟಿನಲ್ಲಿದ್ದ ಹೊರಡುವ, ಮುಟ್ಟುವ ಹೊತ್ತು ನೋಡಿ ಬೆರಳು ಮಡಚಿದ. "ಅಕ್ಕಾರ, ಹೋಗಾಕ ಎರಡೂವರೆ ತಾಸು, ಬರಾಕ ಐದೂವರೆ ಆಗತೈತಲ್ರಿ?"

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ, ಹಾರೋದು ಎರಡೂ ಸಲ ನಾಲ್ಕು ತಾಸೇ ಎಂದು ಬಿಡಿಸಿ ಹೇಳಿದೆ. "ತಿಳೀತ್ರಿ" ಎಂದು ತಲೆ ಆಡಿಸಿ ಹೋದವ ಅರ್ಧ ಮೆಟ್ಟಿಲಿಳಿದು ಮತ್ತೆ ಹತ್ತಿ ಬಂದ. ಬಾಗಿಲಲ್ಲೇ ನಿಂತು ಮೆಲ್ಲಗೆ ಕೇಳಿದ: "ಅಂದ್ರೂ ಅಕ್ಕಾರ, ಬರುವಾಗ ಏರು ಐತೇನ್ರಿ?"

ಯಾರು ಮೊದಲು

ಪಟಾನ್‌ಚೆರುವಿನ ಔಷಧ ಕಾರ್ಖಾನೆಯ ನೌಕರನೊಬ್ಬನಿಗೆ ಚೆನ್ನೈ ಟಿಕೆಟ್ ಮಾಡಿಕೊಟ್ಟಿದ್ದೆ. ಅವನ ಹೆಂಡತಿ ಶಂಶಾಬಾದ್ ವಿಮಾನ ನಿಲ್ದಾಣದ ತನಕ ಹೋಗಿ, ಅತ್ತು, ಕಳಿಸಿ ಮನೆಗೆ ಹೊರಟಳು. "ಮುಟ್ಟಿದ ಕೂಡ್ಲೆ ಫೋನ್ ಮಾಡ್ರಿ" ಅಂತ ಆಣೆ ಬೇರೆ ಹಾಕಿಸಿಕೊಂಡಿದ್ದಳು. ಅವನು ಚೆನ್ನೈಯಲ್ಲಿ ಇಳಿದು ಫೋನ್ ಮಾಡಿದರೆ, ಇವಳು ಇನ್ನೂ ಬಸ್ಸಿನಲ್ಲಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಿಂತಿದ್ದಾಳೆ.

"ಆಮೇಲೆ ಅವರೇ ಗಾಬರಿ ಆದರ್ರಿ" ಎಂದು ನನಗೆ ಹೇಳಿ ನಕ್ಕಳು. "'ಅಷ್ಟು ದೂರದ ಹಾದಿ, ಒಬ್ಬಾಕಿನ ಹೊಂಟೀದಿ, ಹುಷಾರು' ಅಂದ್ರು."

ಗುವಾಹಟಿ

ಹೊಸದಾಗಿ ಮದುವೆಯಾದ ಜೋಡಿ. ಎರಡು ಕೋಣೆಯ ಮನೆ, ಅದರೊಳಗೆ ಅತ್ತೆ, ಮಾವ, ಮೈದುನರು, ಓದೋಕೆ ಬಂದ ನೆಂಟರ ಮಗಳು. ಗುವಾಹಟಿಯಲ್ಲಿ ಗಂಡನ ಗೆಳೆಯನ ಮದುವೆ. ನಾನು ಸಂಭ್ರಮದಿಂದ, "ನೇರ ವಿಮಾನ ಇದೆ, ಬೇಗ ಮುಟ್ಟುತ್ತೆ" ಎಂದೆ.

ಹುಡುಗಿಯ ಮುಖ ಸಣ್ಣದಾಯಿತು. "ನಿಧಾನಕ್ಕ ಹೋಗೋದು ಇಲ್ಲೇನ್ರಿ?"

"ದೆಹಲಿಯಲ್ಲಿ ಇಳಿದು ಇನ್ನೊಂದು ವಿಮಾನ ಹತ್ತೋದಿದೆ. ಆದರೆ ನಡುವೆ ಐದು ತಾಸು ಕಾಯಬೇಕಮ್ಮ."

"ಅಲ್ಲಿ ಕುಂತು ಏನ್ ಮಾಡೋದು?" ಎಂದ ಗಂಡ.

"ಮಾತಾಡೋದು" ಎಂದಳು ಅವಳು, ನೆಲ ನೋಡುತ್ತ. ಅವನ ಕಿವಿ ಕೆಂಪಾಯಿತು. ನಾನು ದೆಹಲಿಯ ಟಿಕೆಟ್ಟನ್ನೇ ಮಾಡಿಕೊಟ್ಟೆ.

ಕೆಲವು ತಿಂಗಳ ಮೇಲೆ ಒಬ್ಬಳೇ ಬಂದಳು, ಮತ್ತೆ ಇಬ್ಬರಿಗೂ ಟಿಕೆಟ್ ಮಾಡಿಸೋಕೆ. "ಮಾತೆಲ್ಲ ಆಯ್ತೇನಮ್ಮ?" ಎಂದೆ.

"ಎಲ್ಲೀ ಮಾತು ಬಿಡ್ರಿ! ನನ್ನ ಹೆಗಲಿಗೆ ತಲಿ ಕೊಟ್ಟು ಐದೂ ತಾಸು ಗೊರಕಿ ಹೊಡದ್ರು."

"ಛೆ! ಹಾಗಾದರೆ ಈ ಸಲ ನೇರ ವಿಮಾನವೇ ಮಾಡಲಾ?"

"ಬ್ಯಾಡ್ರಿ, ಬ್ಯಾಡ್ರಿ!" ಎಂದು ಗಾಬರಿಯಾದಳು. ಆಮೇಲೆ ಮುಂದಕ್ಕೆ ಬಾಗಿ, ಪಕ್ಕದವರಿಗೆ ಕೇಳದ ಹಾಗೆ ಹೇಳಿದಳು: "ಎರಡು ಕಡಿ ನಿಲ್ಲೋದು ನೋಡ್ರಿ ಅಕ್ಕಾರ. ಒಂದ ಹೆಗಲಾದ್ರ ಜೋಮು ಹಿಡೀತೈತಿ."