ಕಡಲಿಲ್ಲದ ದೇಶಕ್ಕೆ ಮಾವನ ರಿಹರ್ಸಲ್

ಲೋಕದಲ್ಲಿ ಎಲ್ಲರೂ ಏನನ್ನಾದರೂ ನೋಡಲು ಪ್ರವಾಸ ಹೋಗುತ್ತಾರೆ. ನಮ್ಮ ಮಾವ ಮಾತ್ರ ಯಾರ ಕಣ್ಣಿಗೂ ಬೀಳದಿರಲು ಹೋಗುವವರು! ಕಡಬ ಪೇಟೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವರಿಗೆ ಇದೇನು ಸಣ್ಣ ಆಸೆಯೇ? ಕಾಶಿಗೆ ಹೋದರೆ, ಗಂಗೆಯಲ್ಲಿ ಮುಳುಗಿ ಎದ್ದ ನಮ್ಮ ಪಕ್ಕದೂರು ಪೆರಾಬೆಯವರೊಬ್ಬರು ಮೂಗು ಒರೆಸಿಕೊಳ್ಳುತ್ತಲೇ ತಮ್ಮ ಮೋಟಾರು ನೀರೆತ್ತುತ್ತಿಲ್ಲವೆಂದು ದೂರಿದರಂತೆ. ದುಬೈಯ ಲಿಫ್ಟಿನಲ್ಲಿ ಪುತ್ತೂರಿನವರು, ಸಿಂಗಾಪುರದ ಹೋಟೆಲಿನಲ್ಲಿ ಸುಳ್ಯದವರು.

ಕೊನೆಗೆ ಮಾವ ಒಂದು ಸಿದ್ಧಾಂತ ಕಟ್ಟಿದರು. "ಕಡಲು ಇದ್ದಲ್ಲಿ ಬಂದರು ಉಂಟು, ಬಂದರು ಇದ್ದಲ್ಲಿ ನಮ್ಮವರ ಹೋಟೆಲು ಉಂಟು. ಕಡಲೇ ಇಲ್ಲದ ದೇಶ ಹುಡುಕು ಮಾರಾಯ." ಕಾಶಿಯಲ್ಲಿ ಯಾವ ಕಡಲು ಎಂದು ನಾನು ಕೇಳಲಿಲ್ಲ. ಸಿದ್ಧಾಂತಿಗಳನ್ನು ಹಾಗೆಲ್ಲ ಕೇಳಬಾರದು.

ಹುಡುಕಿದೆ. ನೇಪಾಳಕ್ಕೆ ಪುತ್ತೂರಿನಿಂದ ಯಾತ್ರೆಯ ತಂಡಗಳೇ ಹೊರಡುತ್ತವೆ, ಬೇಡ. ಕಿರ್ಗಿಸ್ತಾನ್ ಎಂದಾಗ ಮಾವನ ಮುಖ ಅರಳಿತು. ನೆರೆಮನೆಯ ಹುಡುಗಿ ಡಾಕ್ಟರಿಕೆ ಓದುತ್ತಿರುವುದು ಅಲ್ಲೇ ಎಂದು ಅತ್ತೆ ನೆನಪಿಸಿದಾಗ ಬಾಡಿತು. ಉಳಿದದ್ದು ಲಾವೋಸ್. ಸುತ್ತ ಐದು ದೇಶ, ಒಂದು ಹನಿ ಕಡಲಿಲ್ಲ. ಆ ಹೆಸರನ್ನು ಮಾವ ಅಂಗಡಿಗೆ ಬಂದವರ ಮೇಲೆಲ್ಲ ಪ್ರಯೋಗಿಸಿದರು. ಅದು ಯಾವ ಕಂಪೆನಿಯ ಪಂಪು ಎಂದು ಒಬ್ಬರು ಕೇಳಿದ ದಿನವೇ ದೇಶ ಪಾಸಾಯಿತು!

ಪಾಸು ಮಾಡದವರು ಅತ್ತೆ. ಅಲ್ಲಿ ದೇವಸ್ಥಾನ ಉಂಟಾ, ನೆಂಟರು ಉಂಟಾ, ಮತ್ತೆ ಎಂತಕ್ಕೆ ಹೋಗುದು ಎಂಬುದು ಅವರ ಪ್ರಶ್ನೆ. ಅತ್ತೆ ಬಾರದಿದ್ದರೆ ತಾನೂ ಹೋಗುವುದಿಲ್ಲವೆಂದು ಮಾತ್ರ ಮಾವ ಹೇಳುತ್ತಿದ್ದರು.

ಆದರೂ ಜಗಲಿಯಲ್ಲಿ ಪ್ರವಾಸದ ತಾಲೀಮು ಶುರುವಾಯಿತು. ನನ್ನ ಮಿಮಿಕ್ರಿಗೆ ಬೆಲೆ ಕೊಟ್ಟ ಏಕೈಕ ಮನುಷ್ಯ ನಮ್ಮ ಮಾವ. ಸ್ವಂತ ಸ್ವರದಲ್ಲಿ ಒಂದು ಕೆಲಸ ಹುಡುಕು ಎಂದು ಮನೆಯವರೆಲ್ಲ ಬೈಯುವಾಗ ಇವರು ನನ್ನನ್ನು ಲಾವೋಸಿನ ವಿಮಾನ ನಿಲ್ದಾಣದ ಅಧಿಕಾರಿಯಾಗಿ ನೇಮಿಸಿಕೊಂಡರು. ಸಂಬಳ, ಅತ್ತೆಯ ಗೋಳಿಬಜೆ. ಈ ಋಣ ತೀರಿಸಲು ನನ್ನಿಂದಾಗದು. ನನ್ನ ಹೊಟ್ಟೆಯನ್ನು ನೋಡಿದರೆ ನಿಮಗೂ ಗೊತ್ತಾದೀತು. ಲಾವೋಸಿನವರನ್ನು ಜನ್ಮದಲ್ಲಿ ಕಂಡವನಲ್ಲವಾದ್ದರಿಂದ ನನ್ನ ಹೈಸ್ಕೂಲಿನ ಹೆಡ್‌ಮಾಸ್ತರರ ಸ್ವರ ತೆಗೆದು, ಜಗಲಿಯ ಮೇಜಿನ ಹಿಂದೆ ಕುಳಿತು ಕೇಳುತ್ತಿದ್ದೆ:

"ನಮ್ಮ ದೇಶಕ್ಕೆ ಯಾಕೆ ಬಂದದ್ದು?"

ಹವೆ ಬದಲಾವಣೆಗೆ ಎಂದರು ಮಾವ. ಹವೆ ಕಡಬದಲ್ಲೂ ಉಂಟೆಂದು ವಾಪಸು ಕಳಿಸಿದೆ. ವ್ಯಾಪಾರಕ್ಕೆ ಎಂದರು. ಟೂರಿಸ್ಟ್ ವೀಸಾದಲ್ಲಿ ವ್ಯಾಪಾರವೇ ಎಂದು ಗದರಿದೆ. ಹೀಗೆ ಭಾನುವಾರ ಭಾನುವಾರ ಸ್ವಂತ ಮಾವನನ್ನು ಅವರದೇ ಜಗಲಿಯಿಂದ ಗಡೀಪಾರು ಮಾಡಿದ ಅಳಿಯ ಬೇರೆಲ್ಲಾದರೂ ಇದ್ದಾನೆಯೇ?

ಕಳೆದ ಭಾನುವಾರವೂ ಅದೇ ಪ್ರಶ್ನೆ. ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲ ಬಳಿ ನಿಂತಿದ್ದರು. ಮಾವ ನೆಲ ನೋಡುತ್ತ ಹೇಳಿದರು:

"ಸಾರ್, ಮದುವೆ ಆದಲ್ಲಿಂದ ಬಸ್ಸಿನಲ್ಲಿ ಅವಳು ಎದುರು, ನಾನು ಹಿಂದೆ. ಪೇಟೆಯಲ್ಲಿ ನಾನು ಎದುರು, ಅವಳು ಹಿಂದೆ. ಗುರುತಿನವರು ನೋಡ್ತಾರಲ್ಲ. ಯಾರೂ ಗುರುತಿಲ್ಲದ ಊರಿನಲ್ಲಿ ಒಮ್ಮೆ ಅವಳ ಕೈ ಹಿಡಿದು ನಡೀಬೇಕು. ಅಷ್ಟಕ್ಕೇ ಬಂದದ್ದು."

ನನ್ನಂಥ ಸುಳ್ಳು ಅಧಿಕಾರಿಯನ್ನು ನಂಬಿ ಅಷ್ಟು ದೊಡ್ಡ ನಿಜ ಹೇಳಿದ ಮಾವನಿಗೆ ಎದ್ದು ಕೈಮುಗಿಯೋಣ ಅನ್ನಿಸಿತು.

ಅಷ್ಟರಲ್ಲಿ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಮಾವನ ಪಕ್ಕದಲ್ಲಿ ನಿಂತರು.

"ಸಾಹೇಬ್ರೇ," ಎಂದರು, "ಇವರೊಟ್ಟಿಗೆ ನಾನೂ ಉಂಟು. ಸೀಲು ಒತ್ತಿ."